ಬೀದಿಯ ಕೊನೆಯ ಚರ್ಚಿನ ಕಲಾ ಕಾರ್ಯಕ್ರಮಕ್ಕೆ ಹೋಗಬಹುದೇ ಎಂದು ಕೇಳಿದವರಿಗೆ

ನಿಮ್ಮ ಪತ್ರವನ್ನು ಗಮನವಿಟ್ಟು ಓದಿದ್ದೇನೆ. ನಿಮ್ಮಂತೆ ಹೊಸದಾಗಿ ಬಂದ ಇತರರೂ ಈ ಉತ್ತರವನ್ನು ಓದಬಹುದಾದ್ದರಿಂದ ನೀವು ಕೇಳಿದ್ದನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಪತಿಯ ಉದ್ಯೋಗದ ನಿಮಿತ್ತ ಕಳೆದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಇಂಗ್ಲೆಂಡಿನ ನಾರ್ಥಾಂಪ್ಟನ್‌ಗೆ ಬಂದು ನೆಲೆಸಿದ್ದೀರಿ. ಏಳು ವರ್ಷದ ಮಗಳಿದ್ದಾಳೆ. ಮದುವೆಗೆ ಮುಂಚೆ ಬಹುಕಾಲ ಕರ್ನಾಟಕ ಸಂಗೀತ ಕಲಿತಿದ್ದೀರಿ. ಇಲ್ಲಿಗೆ ಬಂದ ಮೇಲೆ ಅಕ್ಕಪಕ್ಕದವರೊಡನೆ ‘ಗುಡ್ ಮಾರ್ನಿಂಗ್’ ಎನ್ನುವುದಕ್ಕಿಂತ ಮುಂದೆ ಮಾತು ಬೆಳೆದಿಲ್ಲ. ಈಗ ಬೀದಿಯ ಕೊನೆಯಲ್ಲಿರುವ ಚರ್ಚಿನವರು ಮನೆಮನೆಗೆ ಕರಪತ್ರ ಹಾಕಿದ್ದಾರೆ. ಮುಂದಿನ ತಿಂಗಳ ಒಂದು ಶನಿವಾರ ಅಲ್ಲಿ ಊರಿನ ಚಿತ್ರಕಾರರ ಪ್ರದರ್ಶನ, ಮಕ್ಕಳಿಗೆ ಕರಕುಶಲ ಕೆಲಸ, ಸಂಜೆ ಗಾಯನವೃಂದದ ಕಚೇರಿ ಇದೆಯಂತೆ, ಎಲ್ಲರಿಗೂ ಸ್ವಾಗತವಂತೆ. ಆ ‘ಎಲ್ಲರಿಗೂ’ ಎಂಬುದರಲ್ಲಿ ನಾವೂ ಸೇರುತ್ತೇವೆಯೇ, ಹೋದರೆ ಪ್ರಾರ್ಥನೆಗೆ ಕೂರಿಸುತ್ತಾರೆಯೇ, ಮತ ಬದಲಿಸುವ ಮಾತು ಬರುತ್ತದೆಯೇ, ಊರಿನಲ್ಲಿರುವ ಅತ್ತೆಯವರಿಗೆ ಏನು ಹೇಳುವುದು, ಮುಂದೆ ಎಂದಾದರೂ ಅಲ್ಲಿ ನೀವೇ ಹಾಡಬಹುದೇ ಎಂದು ಕೇಳಿದ್ದೀರಿ.

ಹೋಗಿ ಎಂಬುದೇ ನನ್ನ ಉತ್ತರ. ಕೇಳುಗರಾಗಿ ಒಮ್ಮೆ ಹೋಗಿ ಬಂದರೆ ಸಾಲದು, ಸಾಧ್ಯವಾದರೆ ಕೆಲಸಕ್ಕೆ ಕೈಜೋಡಿಸುವವರಾಗಿಯೂ ಹೋಗಿ ಎಂದು ಹೇಳಬಯಸುತ್ತೇನೆ. ಈ ದೇಶದ ಸಣ್ಣ ಊರುಗಳಲ್ಲಿ ಬಹಳ ವರ್ಷಗಳಿಂದ ಬದುಕಿ ನಾನು ಕಂಡುಕೊಂಡದ್ದೇನೆಂದರೆ, ಇಲ್ಲಿಯ ಜನ ಎದುರುಬದುರು ಕುಳಿತು ಪರಿಚಯ ಮಾಡಿಕೊಳ್ಳುವುದಕ್ಕಿಂತ ಪಕ್ಕಪಕ್ಕದಲ್ಲಿ ನಿಂತು ಯಾವುದಾದರೂ ಕೆಲಸ ಮಾಡುತ್ತಾ ಪರಿಚಯವಾಗುತ್ತಾರೆ. ಕುರ್ಚಿ ಜೋಡಿಸುವುದು, ಚಿತ್ರಗಳನ್ನು ತೂಗುಹಾಕುವುದು, ಒಂದೇ ಸಾಲಿನಲ್ಲಿ ನಿಂತು ಹಾಡುವುದು, ಇವು ಅವರಿಗೆ ಸಂಕೋಚವಿಲ್ಲದೆ ಮಾತಾಡಲು ಒದಗುವ ಸಂದರ್ಭಗಳು. ಅಂಥ ಸಂದರ್ಭಗಳನ್ನು ಪುಸ್ತಕಾಲಯ, ಶಾಲೆ, ಕ್ರೀಡಾ ಕ್ಲಬ್ಬುಗಳೂ ಒದಗಿಸುತ್ತವೆ. ಆದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ದುಬಾರಿ ಟಿಕೆಟ್ಟಿಲ್ಲದೆ, ಎಲ್ಲ ವಯಸ್ಸಿನವರೂ ಕೂಡುವಂಥದು ಹೆಚ್ಚಾಗಿ ಚರ್ಚಿನಲ್ಲಿಯೇ ಸಿಗುತ್ತದೆ.

ಚರ್ಚಿನಲ್ಲಿ ಚಿತ್ರ ಪ್ರದರ್ಶನವೇಕೆ, ಸಂಗೀತ ಕಚೇರಿಯೇಕೆ ಎಂದು ನಿಮಗೆ ಅನ್ನಿಸಿರಬಹುದು. ಹಳೆಯ ಚರ್ಚಿನ ಕಟ್ಟಡದಲ್ಲಿ ಎರಡು ಮುಖ್ಯ ಭಾಗಗಳಿರುತ್ತವೆ. ಪೂರ್ವದ ತುದಿಯಲ್ಲಿ ಆಲ್ಟರ್ ಎಂಬ ಪವಿತ್ರ ವೇದಿಕೆ ಇರುವ ಭಾಗಕ್ಕೆ ಚಾನ್ಸೆಲ್ ಎಂದೂ, ಜನ ಸೇರುವ ಉದ್ದನೆಯ ಭಾಗಕ್ಕೆ ನೇವ್ ಎಂದೂ ಹೆಸರು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚಾನ್ಸೆಲ್‌ನ ದುರಸ್ತಿ ಪಾದ್ರಿಯ ಹೊಣೆಯಾಗಿತ್ತು, ನೇವ್‌ನ ದುರಸ್ತಿ ಊರವರ ಹೊಣೆಯಾಗಿತ್ತು. ತಾವೇ ಹಣ ಹಾಕಿ ಕಾಪಾಡಿದ ಜಾಗವಾದ್ದರಿಂದ ಊರವರು ಅದನ್ನು ಸಭೆಗೂ, ಚರ್ಚಿನ ಖರ್ಚಿಗಾಗಿ ಏರ್ಪಡಿಸುತ್ತಿದ್ದ ಔತಣಗಳಿಗೂ, ಆಟಗಳಿಗೂ ಬಳಸಿಕೊಳ್ಳುತ್ತಿದ್ದರು. ನಮ್ಮ ಬೇಲೂರಿನ ದೇವಾಲಯದಲ್ಲಿ ಗರ್ಭಗುಡಿಯ ಮುಂದೆ ನವರಂಗವಿದ್ದು, ಅಲ್ಲಿ ನೃತ್ಯ ಸಂಗೀತಗಳಿಗೆ ಎಡೆಯಿದ್ದುದನ್ನು ನೆನೆದರೆ ಈ ವ್ಯವಸ್ಥೆ ನಿಮಗೆ ಅಪರಿಚಿತವೆನ್ನಿಸದು. ನಿಮಗೆ ಹತ್ತಿರದ ಕವೆಂಟ್ರಿಯಲ್ಲಿ ವೃತ್ತಿಸಂಘಗಳವರು ಬೈಬಲ್ಲಿನ ಕಥೆಗಳನ್ನು ಬಂಡಿಗಳ ಮೇಲೆ ಬೀದಿಯಲ್ಲಿ ಆಡುತ್ತಿದ್ದರು. ಮತಸುಧಾರಣೆಯ ಕಾಲದ ಬಿಗಿಯಲ್ಲಿ, 1579ರ ಹೊತ್ತಿಗೆ ಅವು ನಿಂತುಹೋದವು. ದರ್ಜಿಗಳ ಸಂಘದವರು ಆಡುತ್ತಿದ್ದ ನಾಟಕದ ಒಂದು ಹಾಡನ್ನು ಇಂದಿಗೂ ಹಾಡುತ್ತಾರೆ. ಹೆರೋದ ರಾಜನ ಸೈನಿಕರು ಕೊಲ್ಲಲಿರುವ ಹಸುಗೂಸುಗಳಿಗೆ ತಾಯಂದಿರು ಹಾಡುವ ಜೋಗುಳ ಅದು. ಡಿಸೆಂಬರಿನಲ್ಲಿ ನೀವು ಅದನ್ನು ಕೇಳಿಯೇ ಕೇಳುತ್ತೀರಿ.

ಇನ್ನೊಂದು ಕಾರಣ ಇಂದಿನದು. ಇಲ್ಲಿಯ ಅಧಿಕೃತ ಕ್ರೈಸ್ತ ಸಂಸ್ಥೆಯಾದ ಚರ್ಚ್ ಆಫ್ ಇಂಗ್ಲೆಂಡಿಗೆ ಸುಮಾರು 16,000 ಚರ್ಚು ಕಟ್ಟಡಗಳಿವೆ. ಅವುಗಳಲ್ಲಿ ಬಹುಪಾಲು ಹಳೆಯವು, ಕಾನೂನಿನ ರಕ್ಷಣೆಯಲ್ಲಿರುವಂಥವು. ಹಾಗಾಗಿ ಇವುಗಳ ಚಾವಣಿ, ಗೋಡೆ, ಕಿಟಕಿಗಳನ್ನು ಮನಬಂದಂತೆ ಬದಲಿಸಲಾಗದು. ಆದರೆ ದುರಸ್ತಿಯ ಹಣವನ್ನು ಮುಖ್ಯವಾಗಿ ಸ್ಥಳೀಯ ಸಭೆಯವರೇ ಹೊಂದಿಸಬೇಕು. ಭಾನುವಾರ ಆರಾಧನೆಗೆ ಬರುವವರ ಸಂಖ್ಯೆ ಕಡಿಮೆಯಾಗುತ್ತಾ ಬಂದಿರುವ ಈ ಕಾಲದಲ್ಲಿ, ವಾರವಿಡೀ ಬಾಗಿಲು ಮುಚ್ಚಿರುವ ಕಟ್ಟಡವನ್ನು ಊರು ತನ್ನದೆಂದು ಭಾವಿಸುವುದಿಲ್ಲ ಎಂಬುದು ಪಾದ್ರಿಗಳಿಗೂ ಚರ್ಚಿನ ಆಡಳಿತ ಸಮಿತಿಗಳಿಗೂ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಕರಪತ್ರದಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದಿರುವುದು ಬರಿಯ ಮರ್ಯಾದೆಯ ಮಾತಲ್ಲ; ನೀವು ಬರಬೇಕೆಂಬುದು ಅವರ ನಿಜವಾದ ಅಪೇಕ್ಷೆ.

ಮತದ ಪ್ರಶ್ನೆಯನ್ನು ನೇರವಾಗಿಯೇ ಹೇಳುತ್ತೇನೆ, ಏಕೆಂದರೆ ಅದನ್ನು ಮರೆಮಾಚಿದರೆ ನಿಮಗೂ ಉಪಯೋಗವಿಲ್ಲ, ಅವರಿಗೂ ಗೌರವವಲ್ಲ. ಚರ್ಚಿನಲ್ಲಿ ನಡೆಯುವುದೆಲ್ಲವೂ ಒಂದೇ ಬಗೆಯದಲ್ಲ. ಕಚೇರಿ, ಪ್ರದರ್ಶನ, ಹೂವಿನ ಅಲಂಕಾರದ ಉತ್ಸವ, ನಾಟಕ ಇವು ಸಾರ್ವಜನಿಕ ಕಾರ್ಯಕ್ರಮಗಳು. ಆರಂಭದಲ್ಲಿ ಪಾದ್ರಿ ನಾಲ್ಕು ಸ್ವಾಗತದ ಮಾತು ಹೇಳಬಹುದು, ಕೆಲವೊಮ್ಮೆ ಒಂದು ಸಣ್ಣ ಪ್ರಾರ್ಥನೆ ಮಾಡಬಹುದು, ಅಲ್ಲಿಗೆ ಮುಗಿಯಿತು. ‘ಈವನ್‌ಸಾಂಗ್’ ಎಂದು ಬರೆದಿದ್ದರೆ ಅದು ಸಂಜೆಯ ಆರಾಧನೆ. ಅದರಲ್ಲಿ ಗಾಯನವೃಂದದ ಹಾಡುಗಾರಿಕೆ ಬಹಳ ಸೊಗಸಾಗಿರುತ್ತದೆ, ಕೇಳಲು ಯಾರೂ ಹೋಗಬಹುದು. ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತು, ಪ್ರಾರ್ಥನೆಯ ಮಾತುಗಳನ್ನು ಹೇಳದೆ ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ‘ಹೋಲಿ ಕಮ್ಯೂನಿಯನ್’ ಎಂದಿದ್ದರೆ ಅದು ಅವರ ಅತ್ಯಂತ ಪವಿತ್ರವಾದ ವಿಧಿ. ಪ್ರಸಾದ ಸ್ವೀಕರಿಸುವ ಸಾಲಿನಲ್ಲಿ ಕ್ರೈಸ್ತರಲ್ಲದವರು ನಿಲ್ಲದೆ ತಮ್ಮ ಜಾಗದಲ್ಲಿಯೇ ಇರುವುದು ಸರಿಯಾದ ಕ್ರಮ. ಮಗಳ ದೃಷ್ಟಿಯಿಂದ ಇನ್ನೊಂದನ್ನು ತಿಳಿದಿರಿ. ‘ಮೆಸ್ಸಿ ಚರ್ಚ್’ ಎಂಬುದು 2004ರಲ್ಲಿ ಪೋರ್ಟ್ಸ್‌ಮತ್ ಬಳಿಯ ಕೌಪ್ಲೇನ್ ಎಂಬಲ್ಲಿ ಆರಂಭವಾಗಿ ದೇಶದಾದ್ಯಂತ ಹರಡಿದ ಕಾರ್ಯಕ್ರಮ. ಅದರಲ್ಲಿ ಬಣ್ಣ, ಅಂಟು, ಕಾಗದಗಳ ಕೆಲಸವಿರುತ್ತದೆ, ಊಟವಿರುತ್ತದೆ, ಜೊತೆಗೆ ಬೈಬಲ್ ಕಥೆ, ಪ್ರಾರ್ಥನೆಗಳೂ ಇರುತ್ತವೆ. ಅದನ್ನು ನಡೆಸುವವರೇ ಅದನ್ನು ಆರಾಧನೆಯ ಒಂದು ರೂಪವೆಂದು ಹೇಳುತ್ತಾರೆ. ಅದಕ್ಕೆ ಮಗಳನ್ನು ಕಳಿಸಬೇಕೇ ಬೇಡವೇ ಎಂಬುದು ನಿಮ್ಮ ಮನೆಯವರು ಕೂತು ತೀರ್ಮಾನಿಸಬೇಕಾದದ್ದು. ನಿಮಗೆ ಬಂದಿರುವ ಕರಪತ್ರದಲ್ಲಿ ಬರಿಯ ಕರಕುಶಲ ಎಂದಿದೆ. ಸಂದೇಹವಿದ್ದರೆ ಕರಪತ್ರದ ಕೆಳಗೆ ಕೊಟ್ಟಿರುವ ದೂರವಾಣಿಗೆ ಕರೆಮಾಡಿ ಕೇಳಿ, ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

ಮುಂದೆ ಯಾರಾದರೂ ಪರಿಚಯವಾಗಿ ಭಾನುವಾರದ ಸೇವೆಗೆ ಬನ್ನಿ ಎಂದು ಕರೆಯುವುದು ಅಸಂಭವವೇನಲ್ಲ. ತಮ್ಮ ಶ್ರದ್ಧೆಯನ್ನು ಹಂಚಿಕೊಳ್ಳಬೇಕೆಂದು ಬಯಸುವವರು ಅವರಲ್ಲಿ ಇದ್ದಾರೆ. ನಗುಮೊಗದಿಂದ ‘ಧನ್ಯವಾದ, ನಮ್ಮದು ಬೇರೆ ಸಂಪ್ರದಾಯ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಸ್ನೇಹಕ್ಕೆ ಕುಂದು ಬರುವುದಿಲ್ಲ. ಒಂದು ಪಕ್ಷ ಯಾರಾದರೂ ಒತ್ತಾಯಿಸುತ್ತಲೇ ಇದ್ದರೆ ಆ ಒಂದು ಕಡೆಗೆ ಹೋಗುವುದನ್ನು ಬಿಡಿ. ಊರಿನಲ್ಲಿ ಬೇರೆ ಚರ್ಚುಗಳಿವೆ. ಅತ್ತೆಯವರಿಗೆ ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ ನೆನಪಿಸಿ. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷಗಳಲ್ಲಿ ಅದರ ಗೋಡೆ ಚಾವಣಿಗಳ ಮೇಲೆ ಬರೆದ ಚಿತ್ರಗಳನ್ನು ನೋಡಲು ಎಲ್ಲ ಮತದವರೂ ಹೋಗುತ್ತಾರೆ, ನೋಡಿ ಸಂತೋಷಪಟ್ಟು ಬರುತ್ತಾರೆ.

ನಿಮ್ಮ ಊರಿನ ವಿಷಯದಲ್ಲಿ ಒಂದು ವಿಶೇಷವಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಿ. ನಾರ್ಥಾಂಪ್ಟನ್‌ನ ಸೇಂಟ್ ಮ್ಯಾಥ್ಯೂ ಚರ್ಚಿನ ಪಾದ್ರಿಯಾಗಿದ್ದ ವಾಲ್ಟರ್ ಹಸ್ಸಿ ಎಂಬವರು, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿಯೇ, ತಮ್ಮ ಚರ್ಚಿಗೆ ಆ ಕಾಲದ ಶ್ರೇಷ್ಠ ಕಲಾವಿದರಿಂದ ಹೊಸ ಕೃತಿಗಳನ್ನು ಮಾಡಿಸಬೇಕೆಂದು ಹಠ ಹಿಡಿದರು. 1943ರಲ್ಲಿ ಚರ್ಚಿನ ಐವತ್ತನೆಯ ವರ್ಷದ ಉತ್ಸವಕ್ಕೆ ಬೆಂಜಮಿನ್ ಬ್ರಿಟನ್ ಅವರಿಂದ ಗಾಯನವೃಂದಕ್ಕೆ ಹೊಸ ಸಂಗೀತ ಬರೆಸಿದರು. ಹೆನ್ರಿ ಮೂರ್ ಅವರಿಂದ ತಾಯಿ ಮಗುವಿನ ಶಿಲೆಯನ್ನು ಕಡೆಸಿದರು. ಅದು 1944ರಲ್ಲಿ ಅನಾವರಣಗೊಂಡಿತು. ಎದುರಿನ ಬದಿಯಲ್ಲಿ ಗ್ರಹಾಂ ಸದರ್‌ಲ್ಯಾಂಡ್ ಬರೆದ ಶಿಲುಬೆಯ ಚಿತ್ರ 1946ರಲ್ಲಿ ಬಂತು. ಆ ಶಿಲ್ಪವನ್ನು ಮೊದಲು ಕಂಡಾಗ ಊರಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು, ಸ್ಥಳೀಯ ಪತ್ರಿಕೆಗೆ ಆಕ್ಷೇಪದ ಪತ್ರಗಳು ಬಂದವು. ಕಂದುಬಣ್ಣದ ಕಲ್ಲಿನಲ್ಲಿ, ಅಲಂಕಾರವಿಲ್ಲದೆ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಗಟ್ಟಿಯಾಗಿ ಕುಳಿತ ಆ ತಾಯಿಯನ್ನು ನೀವು ಹೋಗಿ ನೋಡಬೇಕು. ಅಷ್ಟು ದೊಡ್ಡ ಶಿಲ್ಪಿಯ ಕೆಲಸ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರದೆ, ಜನ ವಾಸಿಸುವ ಬೀದಿಯ ಚರ್ಚೊಂದರಲ್ಲಿ ದಿನನಿತ್ಯದ ಓಡಾಟದ ನಡುವೆ ಇದೆ ಎಂಬುದೇ ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ನಿಮ್ಮ ಬೀದಿಯ ಚರ್ಚಿನಲ್ಲಿ ತೂಗುಹಾಕುವ ಜಲವರ್ಣಚಿತ್ರಗಳು ಆ ಮಟ್ಟದವಲ್ಲದಿರಬಹುದು. ಆದರೆ ನಿವೃತ್ತ ಶಿಕ್ಷಕರು, ನರ್ಸುಗಳು, ಅಂಗಡಿಯವರು ವರ್ಷವಿಡೀ ಬರೆದ ಚಿತ್ರಗಳನ್ನು ನೆರೆಹೊರೆಯವರು ಬಂದು ನೋಡುವುದು, ಮೆಚ್ಚಿದರೆ ಕೊಳ್ಳುವುದು ಸಣ್ಣ ಸಂಗತಿಯಲ್ಲ. ಚಿತ್ರದ ಪಕ್ಕದಲ್ಲಿಯೇ ಬರೆದವರು ನಿಂತಿರುತ್ತಾರೆ; ಇದು ಯಾವ ಜಾಗ ಎಂದು ಕೇಳಿದರೆ ಸಾಕು, ಆ ಊರಿನ ಕಾಲುವೆ, ಗದ್ದೆ, ಹಳೆಯ ಪಾದರಕ್ಷೆ ಕಾರ್ಖಾನೆಗಳ ಕಥೆಯನ್ನೆಲ್ಲ ಹೇಳುತ್ತಾರೆ. ನಾರ್ಥಾಂಪ್ಟನ್ ಬಹುಕಾಲ ಪಾದರಕ್ಷೆ ತಯಾರಿಕೆಯ ಊರೆಂದೇ ಹೆಸರಾಗಿತ್ತು.

ಈಗ ಹಾಡಿನ ವಿಷಯ. ನೀವು ಅಲ್ಲಿ ಹಾಡಬಹುದೇ ಎಂದು ಕೇಳಿದ್ದೀರಿ. ಏನನ್ನು ಹಾಡುವುದು, ಯಾರ ಜೊತೆ ಹಾಡುವುದು ಎಂಬುದನ್ನು ಮೊದಲು ಯೋಚಿಸಬೇಕೆಂದು ನನ್ನ ವಿನಂತಿ. ನೀವು ಭಾರತದಿಂದ ಬಂದವರೆಂದೂ ಸಂಗೀತ ಬಲ್ಲವರೆಂದೂ ತಿಳಿದೊಡನೆ ಯಾರಾದರೊಬ್ಬರು ಪ್ರೀತಿಯಿಂದಲೇ, ಸೀರೆ ಉಟ್ಟುಕೊಂಡು ಬಂದು ನಿಮ್ಮ ದೇಶದ ಹಾಡೊಂದನ್ನು ಹಾಡಿ ಎಂದು ಕೇಳುತ್ತಾರೆ. ಹಾಡಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಷ್ಟನ್ನೇ ಮಾಡಿದರೆ ವರ್ಷಕ್ಕೊಮ್ಮೆ ಐದು ನಿಮಿಷ ವೇದಿಕೆ ಏರುವ ಅತಿಥಿಯಾಗಿ ಉಳಿಯುತ್ತೀರಿ; ಚಪ್ಪಾಳೆ ಸಿಗುತ್ತದೆ, ಪರಿಚಯ ಬೆಳೆಯುವುದಿಲ್ಲ. ಅದಕ್ಕಿಂತ ಮೊದಲು ಊರಿನ ಗಾಯನವೃಂದಕ್ಕೆ ಸೇರಿ. ಚರ್ಚಿನ ಆರಾಧನೆಯಲ್ಲಿ ಹಾಡುವ ವೃಂದ ಬೇರೆ, ಚರ್ಚಿನಲ್ಲಿ ಕಚೇರಿ ಕೊಡುವ ಊರಿನ ಕೋರಲ್ ಸೊಸೈಟಿ ಬೇರೆ. ಎರಡನೆಯದಕ್ಕೆ ಮತದ ಸಂಬಂಧವಿಲ್ಲ. ವಾರಕ್ಕೊಂದು ಸಂಜೆ ಅಭ್ಯಾಸ, ಅವಧಿಗೊಮ್ಮೆ ಚಂದಾ, ವರ್ಷದಲ್ಲಿ ಕೆಲವು ಕಚೇರಿಗಳು. ಬಹಳ ಕಡೆ ಧ್ವನಿಪರೀಕ್ಷೆಯೂ ಇರುವುದಿಲ್ಲ, ಒಂದೆರಡು ಅಭ್ಯಾಸಕ್ಕೆ ಸುಮ್ಮನೆ ಬಂದು ಕೂತು ನೋಡಿ ಎನ್ನುತ್ತಾರೆ.

ಕರ್ನಾಟಕ ಸಂಗೀತದ ಅಭ್ಯಾಸವಿದ್ದವರಿಗೆ ಅಲ್ಲಿ ಕೆಲವು ವಿಷಯಗಳು ಕಷ್ಟವಾಗುತ್ತವೆ, ಮೊದಲೇ ತಿಳಿದಿದ್ದರೆ ಒಳ್ಳೆಯದು. ಶ್ರುತಿಪೆಟ್ಟಿಗೆಯ ಆಧಾರ ಇರುವುದಿಲ್ಲ, ಷಡ್ಜವೂ ಕೃತಿಯ ಉದ್ದಕ್ಕೂ ಒಂದೇ ಕಡೆ ನಿಲ್ಲುವುದಿಲ್ಲ. ನಾಲ್ಕು ಗುಂಪುಗಳು ನಾಲ್ಕು ಬೇರೆ ಸಾಲುಗಳನ್ನು ಏಕಕಾಲಕ್ಕೆ ಹಾಡುತ್ತವೆ. ಹೆಂಗಸರ ಕಂಠಗಳಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ. ಆಲ್ಟೊ ಸಾಲನ್ನು ಒಂಟಿಯಾಗಿ ಹಾಡಿದರೆ ಎಷ್ಟೋ ಸಲ ಅದರಲ್ಲಿ ರಾಗದ ರೂಪವೇ ಕಾಣುವುದಿಲ್ಲ. ಉಳಿದ ಮೂರು ಸಾಲುಗಳು ಕೂಡಿಕೊಂಡಾಗ ಅದರ ಅರ್ಥ ತಿಳಿಯುತ್ತದೆ. ಸ್ವರವನ್ನು ಗಮಕವಿಲ್ಲದೆ ನೇರವಾಗಿ ಹಿಡಿಯಬೇಕು, ಏಕೆಂದರೆ ಒಬ್ಬರ ಕಂಠ ಅಲುಗಿದರೆ ಇಡೀ ಸಾಲು ಕದಡುತ್ತದೆ. ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವನ್ನು ಬಿಟ್ಟು ನಿರ್ದೇಶಕರ ಕೈಯನ್ನೇ ನೋಡಬೇಕು. ಐದು ಗೆರೆಗಳ ಸ್ವರಲಿಪಿ ಆರಂಭದಲ್ಲಿ ಗಾಬರಿ ಹುಟ್ಟಿಸಬಹುದು, ಆದರೆ ಸರಳೆವರಸೆಯಿಂದ ಗೀತ ವರ್ಣಗಳವರೆಗೆ ಸ್ವರ ಹೇಳಿ ಕಲಿತ ನಿಮಗೆ, ಚುಕ್ಕೆ ಮೇಲೆ ಹೋದರೆ ಸ್ವರ ಮೇಲಕ್ಕೆ, ಕೆಳಗೆ ಬಂದರೆ ಕೆಳಕ್ಕೆ ಎಂಬುದು ತಿಳಿದ ಮೇಲೆ ಉಳಿದದ್ದು ಬೇಗ ಕೈಗೂಡುತ್ತದೆ. ಕೇಳಿ ಕಲಿಯುವ ನಿಮ್ಮ ಶಕ್ತಿ ಅಲ್ಲಿ ಬಹಳ ಬೆಲೆಯುಳ್ಳದ್ದು. ಪುಸ್ತಕ ನೋಡದೆ ಸಾಲನ್ನು ನೆನಪಿಟ್ಟುಕೊಳ್ಳುವವರನ್ನು ಅವರು ಬೆರಗಿನಿಂದ ನೋಡುತ್ತಾರೆ. ಒಂದೊಂದು ಕಂಠದ ಸಾಲನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿದ ಅಭ್ಯಾಸದ ಕಡತಗಳು ಅಂತರ್ಜಾಲದಲ್ಲಿ ದೊರೆಯುತ್ತವೆ, ಅಡುಗೆ ಮಾಡುತ್ತಾ ಕೇಳಬಹುದು.

ಇಂಥ ವೃಂದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಡುವ ಕೃತಿ ಹದಿನೆಂಟನೆಯ ಶತಮಾನದ ಸಂಗೀತಗಾರ ಹ್ಯಾಂಡೆಲ್‌ನ ‘ಮೆಸ್ಸಾಯ’. ಅದರ ಮೊದಲ ಪ್ರದರ್ಶನ 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ನಡೆಯಿತು. ಅಂದಿನ ಹಣವನ್ನು ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಎರಡು ಆಸ್ಪತ್ರೆಗಳಿಗೂ ಕೊಟ್ಟರು. 1750ರಿಂದ ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥ ಮಕ್ಕಳ ಸಂಸ್ಥೆಯ ಚಾಪೆಲ್ಲಿನಲ್ಲಿ ಅದನ್ನು ಆ ಸಂಸ್ಥೆಯ ಸಹಾಯಾರ್ಥವಾಗಿ ಹಾಡತೊಡಗಿದರು. ಸಂಗೀತ ಕಚೇರಿಯ ಕೊನೆಯಲ್ಲಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ರೂಢಿ ಈ ದೇಶದಲ್ಲಿ ಎಷ್ಟು ಹಳೆಯದೆಂಬುದನ್ನು ಇದರಿಂದ ಊಹಿಸಬಹುದು. ‘ಹಲ್ಲೆಲೂಯ’ ಎಂಬ ಭಾಗ ಬಂದಾಗ ಕೇಳುಗರೆಲ್ಲರೂ ಎದ್ದು ನಿಲ್ಲುವ ಸಂಪ್ರದಾಯವಿದೆ, ನೀವೂ ನಿಲ್ಲಿ. ಕೆಲವು ಚರ್ಚುಗಳಲ್ಲಿ ಬೆಳಿಗ್ಗೆ ಬಂದವರೆಲ್ಲ ಸೇರಿ ಅಭ್ಯಾಸ ಮಾಡಿ ಸಂಜೆ ಅದೇ ಕೃತಿಯನ್ನು ಹಾಡುವ ಒಂದು ದಿನದ ಕಾರ್ಯಕ್ರಮವಿರುತ್ತದೆ. ಪುಸ್ತಕವನ್ನು ಅವರೇ ಎರವಲು ಕೊಡುತ್ತಾರೆ. ವಾರವಾರ ಹೋಗಲು ಮನೆಯ ಕೆಲಸ ಬಿಡದಿದ್ದರೆ ಅಂಥದೊಂದರಿಂದ ಆರಂಭಿಸಬಹುದು.

ಮಗಳಿಗೂ ಇದರಲ್ಲಿ ಪಾಲು ಉಂಟು. 1958ರ ಜೂನ್‌ನಲ್ಲಿ ಸಫಕ್ ಪ್ರಾಂತದ ಆರ್ಫರ್ಡ್ ಚರ್ಚಿನಲ್ಲಿ ಬ್ರಿಟನ್ ಅವರ ‘ನೋಯೀಸ್ ಫ್ಲಡ್’ ಎಂಬ ಸಂಗೀತ ನಾಟಕ ಮೊದಲ ಬಾರಿಗೆ ನಡೆಯಿತು. ಚೆಸ್ಟರ್ ಊರಿನ ಹಳೆಯ ಬೀದಿನಾಟಕದ ಪಠ್ಯವನ್ನೇ ತೆಗೆದುಕೊಂಡು ಮಹಾಪ್ರಳಯದ ಕಥೆಯನ್ನು ಹೇಳುವ ಅದರಲ್ಲಿ ಪ್ರಾಣಿ ಪಕ್ಷಿಗಳೆಲ್ಲ ಊರಿನ ಮಕ್ಕಳೇ. ಮಳೆಹನಿಯ ಸದ್ದಿಗಾಗಿ ದಾರದಲ್ಲಿ ತೂಗುಬಿಟ್ಟ ಚಹಾ ಬಟ್ಟಲುಗಳನ್ನು ಮಕ್ಕಳು ಬಡಿಯುತ್ತಾರೆ. ನಡುನಡುವೆ ಬರುವ ಸ್ತೋತ್ರಗಳನ್ನು ನೋಡಲು ಬಂದವರೂ ಸೇರಿ ಹಾಡುತ್ತಾರೆ. ಇದನ್ನು ಚರ್ಚಿನಲ್ಲಿಯೋ ಅಂಥ ದೊಡ್ಡ ಸಭಾಂಗಣದಲ್ಲಿಯೋ ಆಡಬೇಕು, ರಂಗಮಂದಿರದಲ್ಲಿ ಬೇಡ ಎಂಬುದು ರಚಿಸಿದವರ ಇಚ್ಛೆಯಾಗಿತ್ತು. ಕಲಿತವರು ಮೇಲೆ, ಕಲಿಯದವರು ಕೆಳಗೆ ಎಂಬ ಭೇದವನ್ನು ಬದಿಗಿಟ್ಟು ಊರಿಗೆ ಊರೇ ಒಂದು ಕೃತಿಯಲ್ಲಿ ಭಾಗಿಯಾಗುವ ಈ ಕ್ರಮವನ್ನು ನಾನು ಇಲ್ಲಿಯ ಬದುಕಿನ ಅತ್ಯಂತ ಒಳ್ಳೆಯ ಅಂಶಗಳಲ್ಲಿ ಒಂದೆಂದು ಎಣಿಸುತ್ತೇನೆ. ಊರಿನಲ್ಲಿ ಎಲ್ಲಾದರೂ ಅದನ್ನು ಆಡುತ್ತಾರೆಂದು ಕೇಳಿದರೆ ಮಗಳನ್ನು ತಪ್ಪದೆ ಸೇರಿಸಿ. ಮಕ್ಕಳ ಜೊತೆ ನಿಯಮಿತವಾಗಿ ಕೆಲಸ ಮಾಡಲು ನೀವೇ ಮುಂದೆ ಬಂದರೆ ನಿಮ್ಮ ಹಿನ್ನೆಲೆಯ ಬಗ್ಗೆ ‘ಡಿಬಿಎಸ್’ ಎಂಬ ಸರ್ಕಾರಿ ತಪಾಸಣೆಯನ್ನು ಕೇಳುತ್ತಾರೆ. ಅದು ನಿಮ್ಮ ಮೇಲಿನ ಅನುಮಾನವಲ್ಲ. ಹುಟ್ಟಿನಿಂದ ಅದೇ ಬೀದಿಯಲ್ಲಿದ್ದವರನ್ನೂ ಕೇಳುತ್ತಾರೆ, ಕೇಳಲೇಬೇಕು.

ವೃಂದದಲ್ಲಿ ನೆಲೆಯಾದ ಮೇಲೆ, ನಿಮ್ಮದೇ ಸಂಗೀತವನ್ನು ಅಲ್ಲಿ ಹಾಡುವ ಅವಕಾಶ ತಾನಾಗಿ ಬರುತ್ತದೆ, ಆಗ ಅದನ್ನು ಕೇಳುವವರು ನಿಮ್ಮನ್ನು ಬಲ್ಲವರಾಗಿರುತ್ತಾರೆ. ಒಂದು ನಿಯಮವನ್ನು ಮಾತ್ರ ತಿಳಿದಿರಬೇಕು. ಚರ್ಚ್ ಆಫ್ ಇಂಗ್ಲೆಂಡಿನ ನಿಬಂಧನೆಗಳ ಪ್ರಕಾರ ಚರ್ಚಿನೊಳಗೆ ನಡೆಯುವ ನಾಟಕ, ಕಚೇರಿ, ಪ್ರದರ್ಶನಗಳ ಮಾತು, ಸಂಗೀತ, ಚಿತ್ರಗಳು ದೇವರ ಮನೆಗೆ ತಕ್ಕಂತಿರಬೇಕು, ಅವರ ಸಿದ್ಧಾಂತಕ್ಕೆ ಹೊಂದಿಕೊಂಡಿರಬೇಕು. ಅದನ್ನು ನೋಡಿಕೊಳ್ಳುವ ಹೊಣೆ ಅಲ್ಲಿಯ ಪಾದ್ರಿಯದು. ಆದ್ದರಿಂದ ದಾಸರ ಪದವನ್ನೋ ಕೀರ್ತನೆಯನ್ನೋ ಹಾಡಬೇಕೆಂದಿದ್ದರೆ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದು ಮುಂಚಿತವಾಗಿ ಪಾದ್ರಿಯವರಿಗೆ ಕೊಡಿ. ಒಬ್ಬರು ಸಂತೋಷದಿಂದ ಒಪ್ಪುತ್ತಾರೆ, ಇನ್ನೊಬ್ಬರು ಚರ್ಚಿನೊಳಗೆ ಬೇಡ, ಪಕ್ಕದ ಸಭಾಂಗಣದಲ್ಲಿ ಹಾಡಿ ಎನ್ನಬಹುದು. ಅದನ್ನು ಅವಮಾನವೆಂದು ತಿಳಿಯಬೇಡಿ. ನಮ್ಮ ದೇವಸ್ಥಾನದ ಪ್ರಾಕಾರದಲ್ಲಿ ಏನು ನಡೆಯಬಹುದು, ಏನು ನಡೆಯಬಾರದು ಎಂಬ ಬಗ್ಗೆ ನಮಗೂ ಕಟ್ಟಳೆಗಳಿವೆ. ನೀತಿಯನ್ನು ಹೇಳುವ ವಚನ, ಜನಪದದ ಜೋಗುಳ, ಸುಗ್ಗಿಯ ಹಾಡುಗಳಿಗೆ ಸಾಮಾನ್ಯವಾಗಿ ಎಲ್ಲಿಯೂ ಅಡ್ಡಿ ಬರುವುದಿಲ್ಲ.

ಕಟ್ಟಡದ ಸ್ವಭಾವವನ್ನೂ ಗಮನಿಸಿ. ಕಲ್ಲಿನ ಗೋಡೆ, ಎತ್ತರದ ಚಾವಣಿಯ ಚರ್ಚಿನಲ್ಲಿ ನಾದ ಬಹಳ ಹೊತ್ತು ಉಳಿಯುತ್ತದೆ. ವಿಳಂಬ ಕಾಲದ ಆಲಾಪನೆ, ತಂಬೂರಿಯ ಝೇಂಕಾರ, ಕೊಳಲು ಅಲ್ಲಿ ಅದ್ಭುತವಾಗಿ ಕೇಳಿಸುತ್ತವೆ. ಬಿರುಸಾದ ಸ್ವರಕಲ್ಪನೆಯೂ ಮೃದಂಗದ ದ್ರುತ ನಡೆಗಳೂ ಒಂದರ ಮೇಲೊಂದು ಬಿದ್ದು ಗೊಜಗೊಜವಾಗುತ್ತವೆ. ಮೈಕು ಹಾಕಿದರೆ ಇನ್ನಷ್ಟು ಕೆಡುತ್ತದೆ. ನೆಲದ ಮೇಲೆ ಕುಳಿತು ಹಾಡಿದರೆ ಬೆಂಚುಗಳಲ್ಲಿ ಹಿಂದೆ ಕುಳಿತವರಿಗೆ ಕಾಣುವುದಿಲ್ಲವಾದ್ದರಿಂದ ಎತ್ತರದ ವೇದಿಕೆಯನ್ನೂ ದಪ್ಪ ಜಮಖಾನೆಯನ್ನೂ ಕೇಳಿಕೊಳ್ಳಿ. ಭರತನಾಟ್ಯದವರು ಬರಿಯ ಕಲ್ಲುನೆಲದ ಮೇಲೆ ಕುಣಿಯಲು ಒಪ್ಪಿಕೊಳ್ಳಬಾರದು. ಕಲ್ಲು ಕೊರೆಯುವಷ್ಟು ತಣ್ಣಗಿರುತ್ತದೆ, ಮಂಡಿಗೂ ಹಿಮ್ಮಡಿಗೂ ಪೆಟ್ಟು. ದೀಪ ಹಚ್ಚಬೇಕೆಂದಿದ್ದರೆ ಬೆಂಕಿಯ ಸುರಕ್ಷತೆಯ ದೃಷ್ಟಿಯಿಂದ ಮೊದಲೇ ಕೇಳಬೇಕು. ನಮ್ಮ ಕಲೆಗಳಿಗೂ ಚರ್ಚಿನ ಕಟ್ಟಡಕ್ಕೂ ನಂಟು ಹೊಸದೇನಲ್ಲ. ಲಂಡನ್ನಿನ ವೆಸ್ಟ್ ಕೆನ್ಸಿಂಗ್ಟನ್‌ನಲ್ಲಿರುವ ಭಾರತೀಯ ವಿದ್ಯಾಭವನ ಇರುವುದು ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿಯೇ, ಅಲ್ಲಿ ಕರ್ನಾಟಕ ಸಂಗೀತ, ಮೃದಂಗ, ಭರತನಾಟ್ಯಗಳನ್ನು ದಶಕಗಳಿಂದ ಕಲಿಸುತ್ತಿದ್ದಾರೆ.

ಇನ್ನು ಸಣ್ಣಪುಟ್ಟ ವಿಷಯಗಳು. ಮೇ ತಿಂಗಳಲ್ಲಿಯೂ ಚರ್ಚಿನೊಳಗೆ ಚಳಿ ಇರುತ್ತದೆ, ಕೋಟು ತೆಗೆಯದೆ ಕುಳಿತವರನ್ನು ಕಂಡು ಆಶ್ಚರ್ಯಪಡಬೇಡಿ. ಪ್ರವೇಶ ಉಚಿತ ಎಂದಿದ್ದರೆ ಹೊರಗೆ ಬರುವ ಬಾಗಿಲಲ್ಲಿ ಒಂದು ಬುಟ್ಟಿ ಇರುತ್ತದೆ, ಶಕ್ತ್ಯನುಸಾರ ಹಾಕಿದರಾಯಿತು. ‘ಗಿಫ್ಟ್ ಏಡ್’ ಎಂಬ ಲಕೋಟೆ ಕೊಟ್ಟರೆ ಅದರ ಅರ್ಥ ಇಷ್ಟು: ಇಲ್ಲಿ ಆದಾಯ ತೆರಿಗೆ ಕಟ್ಟುವವರು ಅದರಲ್ಲಿ ವಿವರ ಬರೆದು ಕಾಣಿಕೆ ಕೊಟ್ಟರೆ ಪ್ರತಿ ಪೌಂಡಿಗೆ 25 ಪೆನ್ಸ್‌ನಂತೆ ಸರ್ಕಾರದಿಂದ ಆ ಸಂಸ್ಥೆಗೆ ಸೇರುತ್ತದೆ. ನಿಮಗೆ ಸದ್ಯ ಸಂಪಾದನೆ ಇಲ್ಲವಾದ್ದರಿಂದ ನೀವು ಸಹಿ ಹಾಕಬಾರದು, ಪತಿಯವರು ತಮ್ಮ ಕಾಣಿಕೆಗೆ ಹಾಕಬಹುದು. ವಿರಾಮದಲ್ಲಿ ಚಹಾ, ಕೇಕು ಇರುತ್ತವೆ. ಕೇಕಿನಲ್ಲಿ ಮೊಟ್ಟೆ ಇರುವುದು ಸಾಮಾನ್ಯ, ಕೇಳಿದರೆ ಹೇಳುತ್ತಾರೆ. ನೀವು ತಿಂಡಿ ಮಾಡಿಕೊಂಡು ಹೋಗುವುದಾದರೆ ಅದರಲ್ಲಿ ಏನೇನಿದೆ, ಮುಖ್ಯವಾಗಿ ಗೋಡಂಬಿ, ಕಡಲೆಬೀಜ, ಎಳ್ಳು ಇದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಅಲರ್ಜಿ ಇರುವವರು ಬಹಳ ಮಂದಿ.

ಶನಿವಾರ ಹೋದಾಗ ಬಾಗಿಲಲ್ಲಿ ಹೆಸರುಪಟ್ಟಿ ಹಿಡಿದು ನಿಂತವರನ್ನು, ಸಂಜೆ ಕುರ್ಚಿಗಳನ್ನು ಎತ್ತಿಡಲು ಜನ ಬೇಕೇ ಎಂದು ಕೇಳಿ. ಅವರು ಬೇಡವೆನ್ನುವುದಿಲ್ಲ, ನಿಮ್ಮ ಹೆಸರನ್ನೂ ಮರೆಯುವುದಿಲ್ಲ. ಕಚೇರಿ ಮುಗಿದ ಮೇಲೆ ವೃಂದದ ಕಾರ್ಯದರ್ಶಿ ಯಾರೆಂದು ವಿಚಾರಿಸಿ ಅಭ್ಯಾಸದ ದಿನವನ್ನು ಕೇಳಿಕೊಳ್ಳಿ. ಬೇಸಿಗೆಯಲ್ಲಿ ಹೆಚ್ಚಿನ ವೃಂದಗಳಿಗೆ ರಜೆ; ಸೆಪ್ಟೆಂಬರಿನಲ್ಲಿ ಮತ್ತೆ ಆರಂಭವಾದಾಗ ಹೊಸಬರನ್ನು ಸೇರಿಸಿಕೊಳ್ಳುತ್ತಾರೆ, ಕ್ರಿಸ್‌ಮಸ್ ಕಚೇರಿಗೆ ಆಗಲೇ ಅಭ್ಯಾಸ ಶುರುವಾಗುತ್ತದೆ.

ಅತ್ತೆಯವರು ಬೇಸಿಗೆಗೆ ಬರುತ್ತಾರೆಂದು ಬರೆದಿದ್ದೀರಿ. ಅವರನ್ನು ಕವೆಂಟ್ರಿಗೆ ಕರೆದುಕೊಂಡು ಹೋಗಿ. 1940ರ ನವೆಂಬರ್ 14ರ ರಾತ್ರಿ ಬಾಂಬುದಾಳಿಯಲ್ಲಿ ಸುಟ್ಟುಹೋದ ಅಲ್ಲಿಯ ದೊಡ್ಡ ಚರ್ಚಿನ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಅದಕ್ಕೆ ಹೊಂದಿಕೊಂಡಂತೆ ಹೊಸದನ್ನು ಕಟ್ಟಿ 1962ರ ಮೇ 25ರಂದು ಪ್ರತಿಷ್ಠೆ ಮಾಡಿದರು. ಐದು ದಿನಗಳ ನಂತರ ಯುದ್ಧದಲ್ಲಿ ಸತ್ತವರ ನೆನಪಿಗಾಗಿ ಬೆಂಜಮಿನ್ ಬ್ರಿಟನ್ ರಚಿಸಿದ ಹೊಸ ಕೃತಿಯನ್ನು ಅಲ್ಲಿ ಹಾಡಿಸಿದರು. ಹಿಂದಿನ ಶತ್ರುದೇಶವಾದ ಜರ್ಮನಿಯ ಗಾಯಕರೊಬ್ಬರೂ ಅದರಲ್ಲಿ ಹಾಡಿದರು. ಒಳಗೆ ಆಲ್ಟರಿನ ಹಿಂದೆ ಸದರ್‌ಲ್ಯಾಂಡ್ ರೂಪಿಸಿದ, ಸುಮಾರು 23 ಮೀಟರ್ ಎತ್ತರದ ನೇಯ್ಗೆಯ ಚಿತ್ರಪಟವಿದೆ. ಪ್ರವೇಶದ ಬಳಿಯ ಜಾನ್ ಪೈಪರ್ ಅವರ ಬಣ್ಣಗಾಜಿನ ಕಿಟಕಿಯನ್ನು ಬಿಸಿಲಿರುವಾಗಲೇ ನೋಡಬೇಕು. ನಾರ್ಥಾಂಪ್ಟನ್‌ನಿಂದ ನೇರ ರೈಲು ಇದೆ, ನಿಲ್ದಾಣದಿಂದ ಅಲ್ಲಿಗೆ ನಡೆದೇ ಹೋಗಬಹುದು.